ಲೆಕ್ಕದ ಪುಸ್ತಕವೇ ಜಾಗ ತಿಂದ ಕಥೆ

ಕಳೆದ ತಿಂಗಳು ಸಂತೆಯಲ್ಲಿ ನಿಂತು ಫೋನಿನಲ್ಲೇ ಸುದ್ದಿ ಟೈಪ್ ಮಾಡುತ್ತಿದ್ದೆವು. ನಡುವೆ ಒಂದು ಫೋಟೊ ಬೇಕೆನಿಸಿ ಕ್ಯಾಮೆರಾ ತೆರೆದೆವು. ವಾಪಸ್ ಬಂದು ನೋಡಿದರೆ ಬರೆದದ್ದೆಲ್ಲ ಮಾಯ. ನಮ್ಮದು 2 ಜಿಬಿ ರ‍್ಯಾಮ್‌ನ ಹಳೇ ಫೋನ್. ಮೆಮೊರಿ ಸಾಲದೆ ಬಂದರೆ ಹಿಂದೆ ಉಳಿದ ಆಪ್ ಅನ್ನು ಆಂಡ್ರಾಯ್ಡ್ ತಾನೇ ಮುಚ್ಚಿಬಿಡುತ್ತದೆ. ಹಾಗೆ ಮುಚ್ಚಲು ಎಲ್ಲಿ ಎಷ್ಟು ಖರ್ಚಾಗಿದೆ ಎಂಬ ಲೆಕ್ಕ ಅದರ ಬಳಿ ಇರಬೇಕಲ್ಲ? ಆ ಲೆಕ್ಕ ಬರೆದಿಡುವುದೂ ಅದೇ ರ‍್ಯಾಮ್‌ನಲ್ಲಿ!

ಆಂಡ್ರಾಯ್ಡ್‌ನ ಒಳಗಿರುವುದು ಲಿನಕ್ಸ್. ಅದು ಮೆಮೊರಿಯನ್ನು ಸಾಮಾನ್ಯವಾಗಿ 4 ಕಿಲೋಬೈಟ್‌ನ ತುಂಡುಗಳಾಗಿ ಹಂಚುತ್ತದೆ. ಒಂದೊಂದು ತುಂಡಿಗೂ ಪೇಜ್, ಅಂದರೆ ಪುಟ ಎಂದು ಹೆಸರು. 1991ರ ಕೊನೆಯಲ್ಲಿ ಬಂದ ಲಿನಕ್ಸ್ 0.11ರಲ್ಲಿ ಒಂದು ಪುಟದ ಲೆಕ್ಕಕ್ಕೆ ಒಂದೇ ಬೈಟ್ ಸಾಕಿತ್ತು: ಈ ಪುಟವನ್ನು ಎಷ್ಟು ಜನ ಬಳಸುತ್ತಿದ್ದಾರೆ, ಅಷ್ಟೇ. 15 ಎಂಬಿ ಮೆಮೊರಿಗೆ 3,840 ಬೈಟ್. ಇಡೀ ಊರಿನ ಲೆಕ್ಕ ಒಂದು ಪುಟದೊಳಗೆ ಮುಗಿಯುತ್ತಿತ್ತು.

ಆಮೇಲೆ ಲೆಕ್ಕದ ಕಾಲಂಗಳು ಬೆಳೆದವು. ಪುಟ ಯಾವ ಫೈಲಿನದು, ಹೊಸದಾಗಿ ಬಳಸಿದ್ದೋ ಹಳೆಯದೋ, ಡಿಸ್ಕಿಗೆ ಬರೆಯುವುದು ಬಾಕಿ ಇದೆಯೋ ಎಂದೆಲ್ಲ ಬರೆಯಬೇಕಾಯಿತು. 64 ಬಿಟ್ ಯಂತ್ರದಲ್ಲಿ ಈಗ ಒಂದು ಪುಟದ ಲೆಕ್ಕಕ್ಕೆ 64 ಬೈಟ್. 2 ಜಿಬಿಯಲ್ಲಿ 5,24,288 ಪುಟಗಳು, ಅಂದರೆ 32 ಎಂಬಿ ಬರೀ ಲೆಕ್ಕಕ್ಕೆ. ನಮ್ಮ ವರದಿ ಹೋಗಿದ್ದು ಇದರಿಂದಲೇ ಎಂದು ದೂರುತ್ತಿಲ್ಲ.

ನಿಜವಾದ ಜಗಳ ಶುರುವಾದದ್ದು 2008ರಲ್ಲಿ. ಒಂದೇ ಸರ್ವರ್‌ನಲ್ಲಿ ಹತ್ತಾರು ಕೆಲಸ ಓಡಿಸುವವರಿಗೆ ‘ಯಾವ ಗುಂಪು ಎಷ್ಟು ತಿಂದಿತು’ ಎಂಬ ಪ್ರತ್ಯೇಕ ಖಾತೆ ಬೇಕಿತ್ತು. ಗೂಗಲ್‌ನಲ್ಲಿ ಆರಂಭವಾದ ಸಿಗ್ರೂಪ್ ಆ ವರ್ಷ ಜನವರಿಯಲ್ಲಿ ಲಿನಕ್ಸ್‌ಗೆ ಸೇರಿತು. ಏಪ್ರಿಲ್‌ನಲ್ಲಿ ಬಂದ 2.6.25ರಲ್ಲಿ ಮೆಮೊರಿಯ ಖಾತೆಯೂ ಬಂತು. ಅದರ ಮುಖ್ಯ ಕರ್ತೃಗಳಲ್ಲಿ ಒಬ್ಬರು ಐಬಿಎಂನ ಭಾರತ ವಿಭಾಗದಲ್ಲಿದ್ದ ಬಲ್ಬೀರ್ ಸಿಂಗ್.

ಈ ಖಾತೆಗೆ ಪ್ರತಿ ಪುಟಕ್ಕೂ ಇನ್ನೊಂದು ಚೀಟಿ ಬೇಕಾಯಿತು, 64 ಬಿಟ್ ಯಂತ್ರದಲ್ಲಿ ಸುಮಾರು 40 ಬೈಟ್. ಮೆಮೊರಿಯಲ್ಲಿ ಹತ್ತಿರ ಹತ್ತಿರ ಶೇ 1 ಹೋಯಿತು. ಖಾತೆ ಬಳಸದವರೂ ಈ ತೆರಿಗೆ ಕಟ್ಟಬೇಕಿತ್ತು! ಬೇಡವಾದರೆ ಹೀಗೆ ನಿಲ್ಲಿಸಿ ಎಂದು ಯಂತ್ರ ಏಳುವಾಗಲೇ ಲಿನಕ್ಸ್ ಸೂಚನೆ ತೋರಿಸುತ್ತಿತ್ತು. ಡೆಬಿಯನ್‌ನವರಂತೂ ಬಹುಕಾಲ ಅದನ್ನು ಆಫ್ ಮಾಡಿಯೇ ಕೊಡುತ್ತಿದ್ದರು.

ಜಾಗದ ಜೊತೆ ಸಮಯವೂ ಹೋಗುತ್ತಿತ್ತು. ಡೇರಿಯಲ್ಲಿ ಹಾಲು ಹಾಕಲು ಬಂದವರೆಲ್ಲ ಒಂದೇ ಪುಸ್ತಕಕ್ಕೆ ಸಹಿ ಮಾಡಲು ಸಾಲು ನಿಂತ ಹಾಗೆ, ಪ್ರೊಸೆಸರ್‌ಗಳೆಲ್ಲ ಒಂದೇ ಲೆಕ್ಕದ ಮುಂದೆ ನಿಲ್ಲುತ್ತಿದ್ದವು. ಫುಜಿತ್ಸುವಿನ ಕಾಮೆಝಾವಾ ಹಿರೊಯುಕಿ 2009ರ ಕೊನೆಗೆ ಸರಳ ಉಪಾಯ ತಂದರು. ಒಂದೊಂದು ಪುಟಕ್ಕೂ ಬರುವ ಬದಲು ಪ್ರತಿ ಪ್ರೊಸೆಸರ್ 32 ಪುಟಗಳನ್ನು ಒಟ್ಟಿಗೆ ಬರೆಸಿಕೊಂಡು ತನ್ನ ಬಳಿ ಇಟ್ಟುಕೊಳ್ಳಲಿ. ಲೆಕ್ಕ ಸ್ವಲ್ಪ ಸಡಿಲವಾಯಿತು. 8 ಕೋರ್ ಇದ್ದರೆ ಬಳಸದೇ ಖರ್ಚು ಬರೆದದ್ದು 1 ಎಂಬಿವರೆಗೂ ಇರಬಹುದು. ಸಾಲು ಕರಗಿತಲ್ಲ, ನಮಗಂತೂ ಇದು ಒಳ್ಳೆಯ ವ್ಯಾಪಾರವೇ.

ಚೀಟಿಯ 5 ಕಾಲಂಗಳನ್ನೂ ಒಂದೊಂದಾಗಿ ಕಿತ್ತುಹಾಕಲು ವರ್ಷಗಳೇ ಹಿಡಿದವು. ಕೊನೆಗೆ ಉಳಿದದ್ದು ಒಂದು, ‘ಈ ಪುಟ ಯಾವ ಗುಂಪಿನದು’ ಎಂಬುದು. 2015ರ ಫೆಬ್ರುವರಿಯಲ್ಲಿ ಬಂದ 3.19ರಲ್ಲಿ ಜೊಹಾನೆಸ್ ವೀನರ್ ಅದನ್ನೂ ಮೂಲ ಪುಸ್ತಕಕ್ಕೆ ಸೇರಿಸಿ ಚೀಟಿಯನ್ನೇ ತೆಗೆದರು. 40 ಬೈಟ್ ಹೋಗಿ 8 ಬೈಟ್ ಉಳಿಯಿತು.

2024ರ ಆಂಡ್ರಾಯ್ಡ್ 15ರಿಂದ 16 ಕಿಲೋಬೈಟ್‌ನ ಪುಟಕ್ಕೂ ಅವಕಾಶ ಇದೆ. ಆಗ 2 ಜಿಬಿಯಲ್ಲಿ ಪುಟಗಳು 1,31,072 ಮಾತ್ರ, ಲೆಕ್ಕಕ್ಕೆ 8 ಎಂಬಿ ಸಾಕು. ಆದರೆ 1 ಕಿಲೋಬೈಟ್ ಬೇಕಾದ ಕಡೆಯೂ ಇಡೀ 16 ಕೊಡಬೇಕಾಗುತ್ತದೆ. ಹಾಗಾಗಿ ಇಂಥ ಫೋನ್‌ಗಳು ಕೆಲಸದಲ್ಲಿ ಚುರುಕಾದರೂ ಸರಾಸರಿ ಸ್ವಲ್ಪ ಹೆಚ್ಚೇ ಮೆಮೊರಿ ಬಳಸುತ್ತವೆ ಎಂದು ಗೂಗಲ್ಲೇ ಹೇಳಿದೆ.