ಅಪ್ಸೆಣಬು ಮಣ್ಣಿಗೆ, ಬಾಳೆನಾರು ಹಲಗೆಗೆ: ಕಟ್ಟೆಮಳಲವಾಡಿ ಸೀಮೆಯಲ್ಲಿ ಸಂಯುಕ್ತ ವಸ್ತುಗಳ ಸಾಧ್ಯತೆ

ಮೈಸೂರು ಜಿಲ್ಲೆಯ ಕಟ್ಟೆಮಳಲವಾಡಿ ಹೊರಗಿನವರಿಗೆ ಪರಿಚಿತವಾಗಿರುವುದು ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿಂದ. ಇದೇ ಸೀಮೆಯ ಹೊಲಗಳಿಗೆ ಹಸಿರೆಲೆ ಗೊಬ್ಬರವಾಗಿ ಬಿತ್ತುವ ಅಪ್ಸೆಣಬು ಒಳ್ಳೆಯ ನಾರಿನ ಗಿಡವೂ ಹೌದು. ಗೊಬ್ಬರಕ್ಕಾದರೆ ಹೂ ಕಾಣುವ ಹೊತ್ತಿಗೆ, ಸುಮಾರು 45–50 ದಿನಕ್ಕೆ, ಉತ್ತು ಮಣ್ಣಿಗೆ ಸೇರಿಸುತ್ತಾರೆ. ನಾರು ಬೇಕೆಂದರೆ ಕಾಯಿ ಕಟ್ಟುವವರೆಗೂ ಹೊಲದಲ್ಲೇ ಬಿಟ್ಟು, ಕೊಯ್ದು, ನೀರಿನಲ್ಲಿ ಕೊಳೆಹಾಕಬೇಕು. ನಾರು ಗಟ್ಟಿಯೇ. ಆದರೆ ಈ ಹಗುರ ಮಣ್ಣಿಗೆ ಆ ಗಿಡದ ಸಾರಜನಕ ಬೇಕು. ಅದನ್ನು ಕಿತ್ತು, ನಾರು–ಪ್ಲಾಸ್ಟಿಕ್ ಬೆರೆಸಿದ ಸಂಯುಕ್ತ ವಸ್ತುವಾಗಿ ಕಾರಿನ ಬಾಗಿಲ ಒಳಪದರಕ್ಕೆ ಕಳಿಸುವುದನ್ನು ಸುಸ್ಥಿರ ಎನ್ನಲಾಗದು.

ಬಾಳೆಯ ಲೆಕ್ಕ ಬೇರೆ. ಒಂದು ಗೊನೆ ಕೊಟ್ಟ ಕಾಂಡ ಮತ್ತೆ ಫಲ ಕೊಡದು. ಅದರ ಪಟ್ಟೆಯ ನಾರಿನಲ್ಲಿ ಸೆಲ್ಯುಲೋಸ್ ಸುಮಾರು 60–65%. ಅದರ ಸೂಕ್ಷ್ಮತಂತುಗಳು ನಾರಿನ ಉದ್ದಕ್ಕೆ ಸುಮಾರು 11 ಡಿಗ್ರಿಯಷ್ಟೇ ಓರೆ, ಹಾಗಾಗಿ ನಾರು ಎಳೆತಕ್ಕೆ ಬಿಗಿಯಾಗಿ ನಿಲ್ಲುತ್ತದೆ. ತೆಂಗಿನ ನಾರಿನಲ್ಲಿ ಈ ಓರೆ 30 ಡಿಗ್ರಿ ದಾಟುತ್ತದೆ, ಲಿಗ್ನಿನ್ ಪ್ರಮಾಣವೂ ಬಹಳ ಹೆಚ್ಚು. ಅದು ಹಿಗ್ಗುತ್ತದೆ, ಪೆಟ್ಟು ತಾಳುತ್ತದೆ, ಬೇಗ ಕೊಳೆಯದು. ಎರಡನ್ನೂ ಬೆರೆಸಿ ನೋಡುವುದು ಸಹಜ.

ತೊಡಕು ನೀರಿನದು. ಬಾಳೆಯ ಹಸಿ ಕಾಂಡದಲ್ಲಿ ಹತ್ತಕ್ಕೆ ಒಂಬತ್ತು ಪಾಲು ನೀರು. ಕೈಗೆ ಬರುವ ಒಣ ನಾರು ನೂರಕ್ಕೆ ಒಂದೆರಡು ಪಾಲು. ಕಾಂಡವನ್ನು ಮೈಸೂರಿಗೆ ಲಾರಿಯಲ್ಲಿ ಸಾಗಿಸಿದರೆ ನೀರಿಗೇ ಬಾಡಿಗೆ ಕೊಟ್ಟಂತೆ. ನಾರು ಬಿಡಿಸುವ ಯಂತ್ರ ತೋಟಕ್ಕೇ ಬರಬೇಕು. ಪೊಟ್ಯಾಷ್ ತುಂಬಿದ ರಸವೂ ತಿರುಳೂ ಅಲ್ಲೇ ಉಳಿಯಬೇಕು. ಅಚ್ಚು, ಪರೀಕ್ಷೆಗಳಿಗೆ ಮೈಸೂರಿನಲ್ಲಿ ಪ್ಲಾಸ್ಟಿಕ್ ತಂತ್ರಜ್ಞಾನದ ಸಂಸ್ಥೆ ಸಿಪೆಟ್ ಇದೆ.

ನಾರು ನೀರು ಹೀರುತ್ತದೆ, ಅದರೊಂದಿಗೆ ಬೆರೆಸುವ ಪ್ಲಾಸ್ಟಿಕ್ ಆದ ಪಾಲಿಪ್ರೊಪಿಲೀನ್ ಹೀರದು. ಇವೆರಡೂ ಕೂಡಲೆಂದು ನಾರನ್ನು ಸುಮಾರು 5% ಕಾಸ್ಟಿಕ್ ಸೋಡಾ ದ್ರಾವಣದಲ್ಲಿ ನೆನೆಸುವುದು ರೂಢಿ. ಆ ಕ್ಷಾರದ ನೀರು ಲಕ್ಷ್ಮಣತೀರ್ಥ ನದಿಯ ನಾಲೆ ಸೇರಕೂಡದು. ತಟಸ್ಥಗೊಳಿಸುವ ವ್ಯವಸ್ಥೆ ಇಲ್ಲದ ಕಡೆ ಈ ಕೆಲಸವನ್ನು ಆರಂಭಿಸಲೇಬಾರದು. ಅಚ್ಚಿನ ಬಿಸಿಗೂ ಮಿತಿಯಿದೆ: ಪಾಲಿಪ್ರೊಪಿಲೀನ್ 165 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಕರಗುತ್ತದೆ, 200 ದಾಟಿದರೆ ನಾರು ಕೆಡತೊಡಗುತ್ತದೆ.

ಮೊದಲ ಪ್ರಯೋಗಕ್ಕೆ ಕಾರು ಬೇಡ, ಹೊಗೆಸೊಪ್ಪು ಒಣಗಿಸುವ ಮನೆ, ಅಂದರೆ ಬ್ಯಾರನ್, ಸಾಕು. ಎಲೆ ಹದಗೊಳಿಸುವ ಕೊನೆಯ ಹಂತದಲ್ಲಿ ಒಳಗಿನ ಬಿಸಿ ಸುಮಾರು 70 ಡಿಗ್ರಿ. ಸೌದೆ ಉರಿಸಿ ಪಡೆದ ಶಾಖದಲ್ಲಿ ಒಂದಷ್ಟು ಚಾವಣಿಯಿಂದಲೇ ಸೋರಿಹೋಗುತ್ತದೆ. ಬೆಂಕಿ ತಡೆಯಲು ಬೋರಾಕ್ಸ್ ಹಾಯಿಸಿದ ಬಾಳೆ–ತೆಂಗು ನಾರಿನ ಹಲಗೆಯನ್ನು, ಬಿಸಿಗೊಳವೆಗಳಿಂದ ದೂರವಿಟ್ಟು, ಒಂದು ಬ್ಯಾರನ್ನಿನ ಚಾವಣಿಗೆ ಹೊಂದಿಸಿ, ಪಕ್ಕದ್ದನ್ನು ಇದ್ದಂತೆಯೇ ಬಿಟ್ಟು, ಕಿಲೋ ಎಲೆಗೆ ಎಷ್ಟು ಸೌದೆ ತಗಲಿತೆಂದು ಒಂದು ಹಂಗಾಮು ತೂಗಿ ನೋಡಬಹುದು.