ಮೊದಲ ಗುಟುಕು ಯಾವ ಪುಟದಲ್ಲಿದೆ?

ಊರು ಬಿಟ್ಟು ದುಡಿಯಲು ಹೋದ, ಕುಡಿದು ಹಾಳಾದ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಯಾವ ಜಗಲಿಯ ಮೇಲೆ ಕೂತರೂ ಈ ಕಥೆ ಕಿವಿಗೆ ಬೀಳುತ್ತದೆ. ಹೇಳುವವರು ಕುಡಿತದಿಂದಲೇ ಶುರುಮಾಡುತ್ತಾರೆ. ಸಾಲ, ಕೆಲಸದಲ್ಲಿ ಆದ ಗಾಯ, ಮನೆಯ ಕಾಯಿಲೆ ಆಮೇಲೆ ಬರುತ್ತವೆ, ಕೆಲವೊಮ್ಮೆ ಬರುವುದೇ ಇಲ್ಲ. ವಲಸೆ ಕೂಲಿಯ ಪತನವನ್ನು ಬರೆದ ಕನ್ನಡ ಲೇಖಕರು ಮಾಡಿದ ದೊಡ್ಡ ಕೆಲಸವೆಂದರೆ ಈ ಕ್ರಮವನ್ನೇ ತಿರುವಿಹಾಕಿ ನೋಡಿದ್ದು.

ಶಿವರಾಮ ಕಾರಂತರ ‘ಚೋಮನ ದುಡಿ’ 1933ರಲ್ಲೇ ಈ ಕೆಲಸ ಮಾಡಿತು. ಚೋಮನಿಗೆ ಕಳ್ಳಿನ ಚಟವಿದೆ, ಕಾರಂತರು ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಳ್ಳು ಬಿಟ್ಟಿದ್ದರೂ ಅವನ ಸಾಲ ತೀರುತ್ತಿರಲಿಲ್ಲ ಎಂಬುದು ಓದುತ್ತ ಓದುತ್ತ ಮನದಟ್ಟಾಗುತ್ತದೆ. ಆ ಸಾಲ ತೀರಿಸಲು ಮಕ್ಕಳು ಘಟ್ಟದ ಮೇಲಿನ ಕಾಫಿ ತೋಟಕ್ಕೆ ಹೋಗುತ್ತಾರೆ. ಚನಿಯ ಜ್ವರ ಹತ್ತಿಸಿಕೊಂಡು ಬಂದು ಸಾಯುತ್ತಾನೆ, ಗುರುವ ಅಲ್ಲೇ ಮತಾಂತರವಾಗಿ ಉಳಿಯುತ್ತಾನೆ. ಕೊನೆಗೆ ಮಗಳು ಬೆಳ್ಳಿ ಹೋಗಬೇಕಾಗುತ್ತದೆ, ಅಪ್ಪನ ಋಣ ಅವಳ ಮೈಯಿಂದ ತೀರುತ್ತದೆ. ಬೆಳ್ಳಿಗೆ ತೋಟದ ಮನ್ವೇಲನ ಮೇಲೆ ಮನಸ್ಸಾದದ್ದನ್ನು ಕಾರಂತರು ದೋಷವೆಂದು ಬರೆಯಲಿಲ್ಲ. ತೀರ್ಪು ಕೊಡಲು ಹೊರಟವನು ಚೋಮ. ಆ ತೀರ್ಪಿನ ಭಾರಕ್ಕೆ ಕುಸಿದವನೂ ಅವನೇ.

ಕುವೆಂಪು ಬೇರೆ ದಿಕ್ಕಿನಿಂದ ಬಂದರು. ಘಟ್ಟದ ಕೆಳಗಿನಿಂದ ಮಲೆನಾಡಿಗೆ ಕೂಲಿಗಳನ್ನು ಕರೆತರುವ ಸೇರೆಗಾರ ಅವರ ಎರಡೂ ದೊಡ್ಡ ಕಾದಂಬರಿಗಳಲ್ಲಿದ್ದಾನೆ. ‘ಕಾನೂರು ಹೆಗ್ಗಡಿತಿ’ಯ (1936) ರಂಗಪ್ಪಸೆಟ್ಟಿ ತಾನೂ ವಲಸೆ ಬಂದವನೇ. ಒಡೆಯನಿಗೂ ಆಳಿಗೂ ನಡುವೆ ನಿಂತವನ ಕೈಗೆ ಸಿಗುವ ಸಣ್ಣ ಅಧಿಕಾರವೇ ಅವನ ದೌರ್ಬಲ್ಯಕ್ಕೆ ಬಾಗಿಲು ತೆರೆಯುತ್ತದೆ. ಅದರ ಬೆಲೆ ತೆರುವವಳು ಮಾತ್ರ ಹೆಗ್ಗಡಿತಿ ಸುಬ್ಬಮ್ಮ, ಬಸಿರು ತೆಗೆಸಲು ಹೋಗಿ ಪ್ರಾಣ ಕಳೆದುಕೊಳ್ಳುತ್ತಾಳೆ.

‘ಮಲೆಗಳಲ್ಲಿ ಮದುಮಗಳು’ (1967) ಇನ್ನೂ ಆಳಕ್ಕೆ ಇಳಿಯುತ್ತದೆ. ಇಲ್ಲಿನ ಸೇರೆಗಾರ ಚೀಂಕ್ರ ಕುಡುಕ, ಹೆಣ್ಣುಬಾಕ, ಸುತ್ತಲಿನವರ ಬದುಕಿಗೆ ಬೆಂಕಿಯಿಡುವವನು. ಅದೇ ಸೀಮೆಯಿಂದ, ಅದೇ ಬಡತನ ಹೊತ್ತು ಬಂದ ಐತ ಮತ್ತು ಪೀಂಚಲು ಒಬ್ಬರನ್ನೊಬ್ಬರು ಜೀವದಂತೆ ಪ್ರೀತಿಸುತ್ತ, ಇತರರ ಕಷ್ಟಕ್ಕೂ ಹೆಗಲು ಕೊಡುತ್ತ ಬಾಳುತ್ತಾರೆ. ಕೂಲಿ ಒಂದೇ, ಬಿಡಾರವೂ ಅಂಥದ್ದೇ. ವ್ಯವಸ್ಥೆಯೇ ಎಲ್ಲಕ್ಕೂ ಕಾರಣ ಎನ್ನುವವರು ಐತನ ಮುಂದೆ ನಿಂತು ಉತ್ತರ ಹೇಳಬೇಕು. ಎಲ್ಲವೂ ಅವರವರ ಗುಣ ಎನ್ನುವವರು ಸೇರೆಗಾರಿಕೆಯೆಂಬ ಏರ್ಪಾಡಿನ ಮುಂದೆ. ನನ್ನ ಓದಿನಲ್ಲಿ ಈ ಪ್ರಶ್ನೆಯನ್ನು ಇಷ್ಟು ನ್ಯಾಯವಾಗಿ ಇಟ್ಟ ಕನ್ನಡ ಕಾದಂಬರಿ ಮತ್ತೊಂದಿಲ್ಲ.

ಹೊರಗಿನ ಸಾಹಿತ್ಯದಲ್ಲಿ ಇದಕ್ಕೆ ಜೊತೆಯಾಗಿ ನಿಲ್ಲುವುದು ಎಮಿಲ್ ಜೋಲಾನ ‘ಲಾಸೊಮ್ವಾರ್’ (1877). ಪ್ಯಾರಿಸ್ಸಿನ ಕೂಪೋ ಮೊದಲು ಸಾರಾಯಿ ಮುಟ್ಟದವನು. ಚಾವಣಿಯ ಕೆಲಸ ಮಾಡುತ್ತ ಮೇಲಿನಿಂದ ಬಿದ್ದು, ತಿಂಗಳುಗಟ್ಟಲೆ ಮಲಗಿ ಎದ್ದ ಮೇಲೆ ಅವನ ಕುಡಿತ ಶುರುವಾಗುತ್ತದೆ. ಬಿದ್ದದ್ದು ಮೊದಲು, ಕುಡಿದದ್ದು ಆಮೇಲೆ. ನಮ್ಮ ಪ್ರಗತಿಶೀಲ ಲೇಖಕರಲ್ಲಿ ಹಲವರು ಕಾರಣಗಳನ್ನು ಹೀಗೆಯೇ ಸಾಲಾಗಿ ಜೋಡಿಸಿದರು, ಆದರೆ ಮನುಷ್ಯನನ್ನು ತೆಳುವಾಗಿಸಿದರು. ನಿರಂಜನರ ‘ವಿಮೋಚನೆ’ ಅಪವಾದ: ಜೇಬುಗಳ್ಳನಾದ ಬಡವರ ಹುಡುಗನಿಗೆ ಅಲ್ಲಿ ತನ್ನದೇ ಆದ ಮನಸ್ಸಿದೆ, ಆ ಮನಸ್ಸಿಗೆ ತಪ್ಪಿನ ಅರಿವೂ ಇದೆ.

ಮುಂಬಯಿ ಕನ್ನಡಿಗರ ಬರವಣಿಗೆಯಲ್ಲಿ ದೌರ್ಬಲ್ಯದ ರೂಪವೇ ಬದಲಾಯಿತು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಕಾರ್ಮಿಕ ಸಂಘಟನೆಯ ಒಳಗನ್ನು ತೋರಿಸಿತು. ಯಶವಂತ ಚಿತ್ತಾಲರ ‘ಶಿಕಾರಿ’ಯ (1979) ನಾಗಪ್ಪ ಕಂಪನಿಯ ಅಧಿಕಾರಿ, ಕೂಲಿಯವನಲ್ಲ; ಅವನನ್ನು ತಿನ್ನುವುದು ಹೆಂಡವಲ್ಲ, ಭಯ. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಪತನದ ಹಾದಿಯಲ್ಲಿರುವವನನ್ನೂ ಯಾರೋ ಅಪರಿಚಿತರು ಒಂದು ಗಳಿಗೆ ಕೈಹಿಡಿದು ನಿಲ್ಲಿಸುತ್ತಾರೆ.

ನಮ್ಮ ಸೀಮೆಯ ಪಾಲೂ ಸಣ್ಣದಲ್ಲ. ಸಿದ್ಧಲಿಂಗಯ್ಯ ಮಾಗಡಿ ತಾಲ್ಲೂಕಿನ ಮಂಚನಬೆಲೆಯವರು. ‘ಊರುಕೇರಿ’ ಕಾದಂಬರಿಯಲ್ಲ, ಆತ್ಮಕಥೆ. ಆದರೂ ಅದನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಒಡೆಯರ ಹೊಲದಲ್ಲಿ ಎತ್ತುಗಳ ಬದಲು ನೊಗಕ್ಕೆ ಹೆಗಲು ಕೊಟ್ಟ ಅಪ್ಪನನ್ನು ಕಂಡ ಹುಡುಗ ಮುಂದೆ ಬೆಂಗಳೂರಿನ ಶ್ರೀರಾಮಪುರದ ಕೇರಿಯಲ್ಲಿ ಬೆಳೆಯುತ್ತಾನೆ. ಕೇರಿಯವರ ಕುಡಿತ, ಜಗಳ, ಸಣ್ಣಪುಟ್ಟ ಮೋಸಗಳನ್ನು ಅವರು ನಗುತ್ತ ಬರೆದರು. ಆ ನಗೆಯಲ್ಲಿ ಯಾರ ಮಾನವೂ ಹೋಗುವುದಿಲ್ಲ. ಚನ್ನಪಟ್ಟಣ ತಾಲ್ಲೂಕಿನ ಸಂತೆಮೊಗೇನಹಳ್ಳಿಯಲ್ಲಿ ಹುಟ್ಟಿದ ಮೊಗಳ್ಳಿ ಗಣೇಶ ‘ಬುಗುರಿ’ ಕಥೆಗಳಿಂದ ಆತ್ಮಕಥೆಯವರೆಗೆ ನಡೆದದ್ದು ಕಠಿಣ ದಾರಿ. ದಲಿತ ಗಂಡಸಿನ ಮೇಲಾದ ಹಿಂಸೆಯನ್ನು ಬರೆದ ಕೈಯಲ್ಲೇ, ಅದೇ ಗಂಡಸು ಮನೆಯೊಳಗೆ ನಡೆಸುವ ಹಿಂಸೆಯನ್ನೂ ಬರೆದರು. ಇದಕ್ಕೆ ಬೇಕಾದ ಧೈರ್ಯ ದೊಡ್ಡದು, ಏಕೆಂದರೆ ಮೇಲಿನವರು ಇದನ್ನೇ ಎತ್ತಿ ‘ನೋಡಿ, ಅವರೇ ಹಾಗೆ’ ಎನ್ನಲು ಕಾದಿರುತ್ತಾರೆ.

ಈಗ ವಲಸೆಯ ದಿಕ್ಕು ತಿರುಗಿದೆ. ಬಿಡದಿ, ಹಾರೋಹಳ್ಳಿಯ ಕಾರ್ಖಾನೆಗಳಿಗೆ ಬಿಹಾರ, ಒಡಿಶಾದ ಹುಡುಗರು ಬಂದಿದ್ದಾರೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಿಂದ ಗೂಡು ಹೋಗುವ ನೂಲು ಬಿಚ್ಚುವ ಘಟಕಗಳ ಒಳಗೊಮ್ಮೆ ಹೋಗಿ ನೋಡಿ. ಬಿಸಿನೀರಿನ ತೊಟ್ಟಿಯಲ್ಲಿ ಗೂಡು ಕುಣಿಯುತ್ತಿರುತ್ತದೆ, ಎಳೆಯ ತುದಿ ಹುಡುಕುವ ಬೆರಳುಗಳು ನೀರು ಕುಡಿದು ಬಿಳಿಚಿರುತ್ತವೆ, ಸತ್ತ ಹುಳದ ವಾಸನೆ ಬಟ್ಟೆಗೆ ಅಂಟಿರುತ್ತದೆ. ಮಾಲೀಕನ ಪುಸ್ತಕದಲ್ಲಿ ಹೆಸರಿನ ಎದುರು ಮುಂಗಡ ಬರೆದಿರುತ್ತದೆ. ಘಟಕ ಬಿಟ್ಟು ಬೇರೆಡೆ ಹೋಗಬೇಕೆಂದರೆ ಹೊಸ ಮಾಲೀಕ ಹಳೆಯ ಮುಂಗಡ ಚುಕ್ತಾ ಮಾಡಬೇಕು. ಹೀಗೆ ಸಾಲವೂ ಆಳಿನ ಜೊತೆಗೇ ಕೆಲಸ ಬದಲಿಸುತ್ತದೆ. ಜೀತ ರದ್ದಾದದ್ದು 1976ರ ಕಾಯ್ದೆಯಿಂದ, ಸಾರಾಯಿ ನಿಂತದ್ದು 2007ರ ಜುಲೈಯಲ್ಲಿ. ಮುಂಗಡ ಉಳಿದುಕೊಂಡಿತು. ರೇಷ್ಮೆ ಉದ್ಯಮದಲ್ಲಿ ಹೆತ್ತವರು ಪಡೆದ ಮುಂಗಡಕ್ಕೆ ಮಕ್ಕಳು ದುಡಿಯುವುದನ್ನು ಹ್ಯೂಮನ್ ರೈಟ್ಸ್ ವಾಚ್ 2003ರ ವರದಿಯಲ್ಲಿ ದಾಖಲಿಸಿತು. ವರದಿಗೆ ಮಗುವಿನ ಹೇಳಿಕೆ ಸಾಕಾಗುತ್ತದೆ, ಕಾದಂಬರಿಗೆ ಅಪ್ಪನೂ ಬೇಕು. ಮುಂಗಡದ ಹಣದಲ್ಲಿ ಅರ್ಧ ಮಗಳ ಔಷಧಿಗೆ ಕೊಟ್ಟು ಇನ್ನರ್ಧ ಬಾರಿನಲ್ಲಿ ಕಳೆದು, ಮರುದಿನ ಬೆಳಗ್ಗೆ ಅದೇ ಮಗಳ ಕೈಹಿಡಿದು ಘಟಕದವರೆಗೆ ಬಿಟ್ಟುಬರುವ ಅಪ್ಪನನ್ನು ಈ ಸೀಮೆಯ ಹೊಸ ಲೇಖಕರು ಬಿಡಿಸಬೇಕು. ಹಿಂದಿ ಮಾತಾಡುವ ಹುಡುಗರನ್ನು ಬರೆಯುವಾಗಲೂ ಅವರನ್ನು ಬರೀ ಪಾಪದವರೆಂದು ಕೈಬಿಡದೆ, ಚೀಂಕ್ರನಿಗೆ ಸಿಕ್ಕಷ್ಟು ಜಾಗವನ್ನು ಅವರ ತಪ್ಪುಗಳಿಗೂ ಕೊಡಬೇಕು.