ದಾಸ್ಯನಿಷೇಧದ ಕಾಯಿದೆಯೂ ಸುರಪುರದ ಸೀಮೆಯೂ

ಮನುಷ್ಯರ ಕ್ರಯವಿಕ್ರಯವನ್ನು ಇಂಗ್ಲೆಂಡಿನ ಪಾರ್ಲಿಮೆಂಟು 1807ರಲ್ಲಿ ನಿಷೇಧಿಸಿ, 1811ರಲ್ಲಿ ಘೋರಾಪರಾಧವೆಂದು ಸಾರಿತು. ಆ ಕಾಲದಲ್ಲಿಯೇ ಉತ್ತರ ಮಲಬಾರಿನ ಮ್ಯಾಜಿಸ್ಟ್ರೇಟನಾದ ಥಾಮಸ್ ಬೇಬರನು, ತಿರುವಾಂಕೂರಿನಿಂದ ಕದ್ದು ತಂದ ಮಕ್ಕಳನ್ನು ಅಂಜರಕಂಡಿಯ ತೋಟದಿಂದ ಬಿಡಿಸಿದನು. ತೋಟದೊಡೆಯನಾದ ಮರ್ಡಕ್ ಬ್ರೌನನು ಇದನ್ನು ಪ್ರತಿಭಟಿಸಿ ಸರಕಾರಕ್ಕೆ ಬರೆದುಕೊಂಡನು. ಇದೇ ಬೇಬರನು ಮುಂದೆ ಧಾರವಾಡದ ಕಲೆಕ್ಟರನಾದನು.

1843ರ ಐದನೆಯ ಕಾಯಿದೆಯು, ದಾಸನ ಮೇಲಣ ಒಡೆತನವನ್ನು ಯಾವ ನ್ಯಾಯಸ್ಥಾನವೂ ಎತ್ತಿಹಿಡಿಯಕೂಡದೆಂದು ವಿಧಿಸಿತು. ಕೊಂಡವನಿಗೆ ಶಿಕ್ಷೆಯನ್ನು ಮಾತ್ರ ಹೇಳಲಿಲ್ಲ. ಆಗ ಸುರಪುರದ ಆಡಳಿತವು ಮೆಡೋಸ್ ಟೇಲರನ ಮೇಲ್ವಿಚಾರಣೆಯಲ್ಲಿದ್ದರೂ ಆ ಸಂಸ್ಥಾನವು ಕುಂಪಣಿಯ ಸೀಮೆಯಾಗಿರಲಿಲ್ಲ. ನೆರೆಯ ಯಾದಗಿರಿ, ಶಹಾಪುರಗಳು ನಿಜಾಮರ ರಾಜ್ಯದಲ್ಲಿದ್ದುವು. ಆದುದರಿಂದ ಕಾಯಿದೆಯು ಇವುಗಳ ಎಲ್ಲೆಯಲ್ಲಿಯೇ ನಿಂತಿತು.

1858ರಲ್ಲಿ ವೆಂಕಟಪ್ಪನಾಯಕನ ದಂಗೆ ಅಡಗಿದ ಮೇಲೆ ಸುರಪುರವು ಇಂಗ್ಲೀಷರ ವಶವಾಯಿತು. 1860ರ ಅಕ್ಟೋಬರ 6ರಂದು ದಂಡಸಂಹಿತೆಯು ಅಂಗೀಕೃತವಾಯಿತು; ದಾಸನನ್ನಾಗಿ ಕೊಂಡವನಿಗೂ ಮಾರಿದವನಿಗೂ ಅದರ 370ನೆಯ ಕಲಮು 7 ವರ್ಷಗಳವರೆಗಿನ ಸೆರೆವಾಸವನ್ನು ಗೊತ್ತುಮಾಡಿತು. ಆದರೆ ಅದೇ ಡಿಸೆಂಬರಿನ ಒಪ್ಪಂದದಿಂದ ಸುರಪುರವು ನಿಜಾಮರಿಗೆ ಸಂದಿತು. ಸಂಹಿತೆಯು ಜಾರಿಗೆ ಬಂದುದು 1862ರ ಜನವರಿ 1ರಂದು. ಹೀಗೆ ಅದು ಈ ಸೀಮೆಯನ್ನು ಮುಟ್ಟುವುದಕ್ಕೆ ಮೊದಲೇ ಸೀಮೆಯು ಕೈಬಿಟ್ಟುಹೋಗಿತ್ತು.

ಇತ್ತ ಸಾಲದ ಹೆಸರಿನಲ್ಲಿ ಜೀತವು ಬೇರುಬಿಟ್ಟಿತು. ಜೀತದವನನ್ನು ಸಂತೆಯಲ್ಲಿ ಕೊಳ್ಳಬೇಕಾಗಿರಲಿಲ್ಲ. ತಂದೆಯ ಸಾಲವೇ ಮಗನನ್ನು ಕಟ್ಟಿಹಾಕುತ್ತಿತ್ತು. ಹೈದರಾಬಾದು ಸರಕಾರವು 1936ರಲ್ಲಿ ಭಾಗೇಲಾ ಕರಾರುಗಳ ಕಾಯಿದೆಯಿಂದ ಇದನ್ನು ನಿಯಂತ್ರಿಸಲೆಳಸಿತು. 1950ರ ಸಂವಿಧಾನವು 23ನೆಯ ಅನುಚ್ಛೇದದಲ್ಲಿ ಮನುಷ್ಯರ ವ್ಯಾಪಾರವನ್ನೂ ಬಲವಂತದ ದುಡಿಮೆಯನ್ನೂ ನಿಷೇಧಿಸಿತು. ಜೀತದ ಸಾಲವನ್ನೇ ಅಳಿಸಿಹಾಕಿದ ಕಾಯಿದೆಯು 1976ರಲ್ಲಿ ಬಂದಿತು. ಬೇಬರನು ಆ ಮಕ್ಕಳನ್ನು ಬಿಡಿಸಿ ಅಷ್ಟರೊಳಗೆ ನೂರರುವತ್ತಕ್ಕೂ ಹೆಚ್ಚು ವರ್ಷಗಳು ಕಳೆದಿದ್ದುವು.